ಪೊಟ್ಟಣ ಓದಿ ನಂಬಿದ ಚಿನ್ನ

ರಘೋತ್ತಮರ ಕೈ ಎಂದರೆ ಕೈ. ಚಿನ್ನದ ಹಾಳೆಯಿಂದ ರವೆಕಾಳಿನಷ್ಟು ಚಿಕ್ಕ, ಪಟ್ಟಿಯಂಥ ಸ್ಪ್ರಿಂಗು ಕತ್ತರಿಸಿ, ತುದಿಗೆ ವಜ್ರದ ಚೂರು ಅಂಟಿಸುವುದರಲ್ಲಿ ಅಮೆರಿಕದ ಇಡೀ ಸನ್ನಿವೇಲ್‌ನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆ ತುದಿಯಿಂದ ವಸ್ತುವನ್ನು ಮೆಲ್ಲಗೆ ಒತ್ತಿ, ಸ್ಪ್ರಿಂಗು ಎಷ್ಟು ಬಾಗಿತೆಂದು ನೋಡಿದರೆ ವಸ್ತುವಿನ ಗಟ್ಟಿತನ ತಿಳಿಯುತ್ತದೆ. ಆದರೆ ಸ್ಪ್ರಿಂಗಿನ ಬಿಗಿ ಎಷ್ಟೆಂದು ಮೊದಲೇ ಗೊತ್ತಿರಬೇಕು. ಅದನ್ನು ಅಳೆಯಲೆಂದೇ 1987ರಲ್ಲಿ ಹಾಸನದ ವೇದವತಿಯನ್ನು ಅವರು ಲ್ಯಾಬಿಗೆ ಸೇರಿಸಿಕೊಂಡಿದ್ದರು. "ಹೆಸರು ಹಿಡಿದು ಕರೀರಿ, ಇದು ಅಮೆರಿಕ" ಎಂದು ಎಷ್ಟು ಹೇಳಿದರೂ ಅವಳ ಬಾಯಿಂದ 'ಸಾರ್' ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ.

ಈಗ ಆ 'ಸಾರ್'ಗೇ ಅವಳು ಕೆಟ್ಟ ಸುದ್ದಿ ಹೇಳಬೇಕಿತ್ತು. ತಮ್ಮ ಹೊಸ ಲೇಪ ಎಲ್ಲಕ್ಕಿಂತ ಗಟ್ಟಿ ಎಂದು ರಘೋತ್ತಮರು ಮರುದಿನ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನದಲ್ಲಿ ಸಾರುವವರಿದ್ದರು. ಆ ಲೇಪವನ್ನು ಒತ್ತಿದ ಸ್ಪ್ರಿಂಗಿನ ಮೇಲೆ ಅವಳು ತೂಕ ಗೊತ್ತಿದ್ದ ಲೋಹದ ಕಣವೊಂದನ್ನು ಕೂರಿಸಿ, ಅದನ್ನು ಕಂಪಿಸುವಂತೆ ಮಾಡಿ ನೋಡಿದ್ದಳು. ಕಂಪನ ನಿಧಾನವಾದ ರೀತಿ ನೋಡಿದರೆ ಬಿಗಿ, ಹಾಳೆಯ ದಪ್ಪದಿಂದ ಅವರು ಹಾಕಿದ್ದ ಲೆಕ್ಕದ ಅರ್ಧದಷ್ಟೇ! ಬೇರೆ ಕಣ ಇಟ್ಟರೂ ಅಷ್ಟೇ. ಬಿಗಿ ಅರ್ಧವಾದರೆ ಲೇಪದ ಗಟ್ಟಿತನವೂ ಅರ್ಧ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ತಲೆ ತಗ್ಗಿಸಿಕೊಂಡು ಹೇಳಿಯೇಬಿಟ್ಟಳು.

"ಫಾಯಿಲಿನ ದಪ್ಪ ಎಷ್ಟು ಅಂತ ತಗೊಂಡಿದ್ರಿ ಸಾರ್?"

"ಪ್ಯಾಕೆಟ್ ಮೇಲೆ ಇತ್ತಲ್ಲ, ಅದೇ."

ಹಾಗೆಂದವರೇ ಗಕ್ಕನೆ ಎದ್ದರು. ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು, ಅಂಚು ಕಾಣುವಂತೆ ಮೈಕ್ರೋಸ್ಕೋಪಿನ ಕೆಳಗಿಟ್ಟು ತಾವೇ ಅಳೆದರು. ಹಾಳೆ ಪ್ಯಾಕೆಟ್ ಮೇಲಿನ ದಪ್ಪಕ್ಕಿಂತ ಐದರಲ್ಲಿ ಒಂದು ಪಾಲು ತೆಳುವಾಗಿತ್ತು. ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಇಳಿಯುವುದರಿಂದ, ಅದು ಅರ್ಧವಾಗಲು ಅಷ್ಟು ಸಾಕು.

ರಘೋತ್ತಮರು ನಕ್ಕುಬಿಟ್ಟರು. "ಮೈಸೂರಲ್ಲಿ ನಮ್ಮಮ್ಮ ಒಂದು ಮೂಗುಬೊಟ್ಟು ತಗೊಳ್ಳೋಕೂ ಒರೆಗೆ ಹಚ್ಚಿಸದೆ ಬಿಡ್ತಿರ್ಲಿಲ್ಲ. ನಾನು ನೋಡಿ, ಪ್ಯಾಕೆಟ್ ಓದಿ ಚಿನ್ನ ನಂಬಿದೀನಿ!"

ಫೋನೆತ್ತಿ ಮರುದಿನದ ಭಾಷಣ ರದ್ದು ಮಾಡಿಸಿದರು. ವೇದವತಿಗೆ ಅಳುವೇ ಬಂತು.

"ಸಾರಿ, ಸಾರ್."

"ಸಾರಿ ಯಾಕ್ರೀ? ಅಷ್ಟು ಜನರ ಮುಂದೆ ಸುಳ್ಳು ಹೇಳೋದು ತಪ್ಪಿಸಿದ್ರಿ."

ಅವರ ಕೈಚಳಕದ ಮೇಲೆ ಅವಳಿಗೆ ಮೊದಲಿಂದಲೂ ಗೌರವವಿತ್ತು. ಈಗ ಮನುಷ್ಯನ ಮೇಲೆ ಅದಕ್ಕಿಂತ ಹೆಚ್ಚಾಯಿತು. ಇಲ್ಲಿಗೆ ಮುಗಿಯಿತೆಂದುಕೊಂಡು ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ, ಅವರು ಬೀರು ತೆರೆದು ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ತಂದು ಅವಳ ಮುಂದಿಟ್ಟರು. ಅವಳು ಬರುವ ಮೊದಲು, ಕಳೆದ ವರ್ಷವೆಲ್ಲ ಅವರಿಗೆ ಹೆಸರು ತಂದುಕೊಟ್ಟ ಸ್ಪ್ರಿಂಗುಗಳು ಅದರಲ್ಲಿದ್ದವು. ಅವುಗಳ ಮೇಲೆ ಅನುಮಾನಪಡುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

"ಇವೂ ಅದೇ ಪ್ಯಾಕೆಟ್ಟಿನವು," ಎಂದು ರಘೋತ್ತಮರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. "ಒಂದನ್ನೂ ಬಿಡದೆ ಅಳೀರಿ."