ಅಂಟಾರ್ಕ್ಟಿಕದಿಂದ ವಾಪಸ್ ಬಂದ ಕವರು

ಚೆನ್ನೈನ ಬೆಸೆಂಟ್ ನಗರದ ಬೀಚಿನಲ್ಲಿ ಕಸ ಹೆಕ್ಕುತ್ತಿದ್ದ ಶಾಲೆಯ ಮಕ್ಕಳು ಗೊಳ್ಳೆಂದು ನಕ್ಕರು.

"ಹರ್ಷಿಣಿ, ಉಂಗಪ್ಪಾ ಕವರ್!" ನಿನ್ನ ಅಪ್ಪನ ಕವರು ಎಂದು ತಮಿಳಿನಲ್ಲಿ ಕೂಗಿದರು.

ಮರಳಿನಿಂದ ಎಳೆದು ತೆಗೆದ ಸಾಂಬಾರಿನ ಪ್ಲಾಸ್ಟಿಕ್ ಕವರಿನ ಮೇಲೆ ಕನ್ನಡ ಅಕ್ಷರ. ಆ ಮಕ್ಕಳಿಗೆ ಕನ್ನಡ ಓದಲು ಬಾರದು. ಆದರೆ ಸುತ್ತಮುತ್ತ ಆ ಅಕ್ಷರ ಹಾಕಿಸಿದ ಹೋಟೆಲು ಒಂದೇ, ಹರ್ಷಿಣಿಯ ಅಪ್ಪ ರೂಪೇಶರ ವನದುರ್ಗಾ ಭವನ. ಶಾಲೆಯ ಪರಿಸರ ತಂಡದ ನಾಯಕಿಯಾದ ಹರ್ಷಿಣಿಯ ಮುಖ ಸಣ್ಣದಾಯಿತು. ಅವಳು ನೆಟ್ಟಗೆ ಹೋಟೆಲಿಗೆ ಬಂದು ಕವರನ್ನು ಅಪ್ಪನ ಮುಂದಿಟ್ಟಳು.

"ಇನ್ನು ಈ ಕವರ್ ವೇಂಡಾಂ ಅಪ್ಪಾ. ಎಲ್ಲ ಹೋಟೆಲಿಗೂ ನಾವೇ ಹೋಗಿ ಹೇಳಿದ್ದು. ನಮ್ಮ ಹೋಟೆಲೇ ಕೇಳದಿದ್ರೆ ನಾನು ಲೀಡರ್ ಆಗಿ ಇರುದಿಲ್ಲ. ಶನಿವಾರ ಸಂಹಿತಾ ಮೇಡಂ ಶಾಲೆಗೆ ಬರ್ತಾರಲ್ಲ, ಅವರ ಎದುರೇ ಬಿಟ್ಟುಬಿಡ್ತೇನೆ."

"ಎಂತ ಮಾತು ಮಾರಾಯ್ತಿ! ಮದ್ರಾಸಲ್ಲಿ ಕವರಿಗೆ ಕನ್ನಡ ಹಾಕಿಸಿದ್ದು ನಾನೊಬ್ಬನೇ. ಅದನ್ನು ಬಿಡ್ಲಿಕ್ಕುಂಟಾ? ಮತ್ತೆ, ಬೀಚಿಗೆ ಬರುವವರು ಪಾತ್ರೆ ಹಿಡ್ಕೊಂಡು ಬರ್ತಾರಾ?"

ಅಡುಗೆಮನೆಯಿಂದ ಹೆಂಡತಿ ರತ್ನಾವತಿ ಕೇಳಿದರು, "ದುರ್ಗೆಯ ಹೆಸರನ್ನು ಜನ ತುಳ್ಕೊಂಡು ಹೋಗುದು ಚಂದವಾ?"

ರೂಪೇಶರು ಕೇಳಿಸದವರಂತೆ ಫ್ಯಾನಿನ ಸ್ವಿಚ್ಚು ಹುಡುಕಿದರು.

ಸಂಹಿತಾ ಮೈಸೂರಿನವರು, ವಿಜ್ಞಾನಿ, ಈ ಹೋಟೆಲಿನ ಹಳೆಯ ಗಿರಾಕಿ. ಅಂಟಾರ್ಕ್ಟಿಕಕ್ಕೆ ಸಂಶೋಧನಾ ತಂಡವೊಂದನ್ನು ಕರೆದುಕೊಂಡು ಹೋಗಿದ್ದರು. ಹೊರಡುವ ಮೊದಲು ಅವರು ಶಾಲೆಯಲ್ಲಿ ಆಡಿದ ಮಾತು ಕೇಳಿಯೇ ಹರ್ಷಿಣಿ ತಂಡ ಕಟ್ಟಿದ್ದು. ಹಿಮದ ನಡುವೆ ನಿಂತ ಅವರ ಫೋಟೊ ಹೋಟೆಲಿನ ಗೋಡೆಯಲ್ಲಿದೆ. "ನಮ್ಮ ದೋಸೆ ತಿಂದು ಹೋದವರು!" ಎಂದು ರೂಪೇಶರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಚೆನ್ನೈಗೆ ವಾಪಸಾದ ಸಂಹಿತಾ ಶುಕ್ರವಾರ ದೋಸೆಗೆ ಬಂದರು. ತಿಂದು, ಕೈ ತೊಳೆದು, ಚೀಲದಿಂದ ಮಡಚಿದ ಕವರೊಂದನ್ನು ತೆಗೆದರು. ಅದರ ಮೇಲೂ ಅದೇ ಕನ್ನಡ ಅಕ್ಷರ.

"ರೂಪೇಶ್ ಅವ್ರೆ, ಹೊರಡೋವಾಗ ಚಟ್ನಿಪುಡಿ ಕಟ್ಟಿಕೊಟ್ಟಿದ್ರಲ್ಲ, ನಮ್ಮ ತಂಡದವರೆಲ್ಲ ಬೆರಳು ನೆಕ್ಕಿದ್ರು. ತಗೊಳ್ಳಿ, ನಿಮ್ಮ ಕವರು."

"ಅಯ್ಯೋ, ಇದನ್ನು ಅಲ್ಲಿಂದ ಯಾಕೆ ತಂದದ್ದು ಮೇಡಂ? ಅಲ್ಲೇ ಬಿಸಾಡಿದ್ರೆ ಆಗ್ತಿತ್ತು."

"ಅಲ್ಲಿ ಬಿಸಾಕೋ ಹಾಗಿಲ್ಲ. ತಗೊಂಡು ಹೋದ ಪ್ಲಾಸ್ಟಿಕ್ಕನ್ನೆಲ್ಲ ಹಡಗು ಹತ್ತಿಸಿ ವಾಪಸ್ ತರಬೇಕು. ಆದ್ರೂ ಪ್ಲಾಸ್ಟಿಕ್ಕಿನ ಸಣ್ಣ ಚೂರು ಅಲ್ಲಿಯ ಹಿಮದಲ್ಲೂ ಸಿಕ್ಕಿದೆ. ಇಲ್ಲಿಯ ಸಮುದ್ರ ಬೇರೆ, ಅಲ್ಲಿಯ ಸಮುದ್ರ ಬೇರೆ ಅಂತ ಇಲ್ಲ. ತಂಡದ ಮುಖ್ಯಸ್ಥೆ ನಾನೇ ತಪ್ಪಿದ್ರೆ ಇನ್ನೊಬ್ಬರಿಗೆ ಏನಂತ ಹೇಳ್ಲಿ?"

ಇದೇ ಮಾತನ್ನಲ್ಲವೇ ಮಗಳು ಹೇಳಿದ್ದು ಎಂದು ರೂಪೇಶರಿಗೆ ಹೊಳೆಯಿತು. ಪಕ್ಕದಲ್ಲಿ ನಿಂತಿದ್ದ ಹರ್ಷಿಣಿಯಿಂದ ಆಗಲೇ ಎಲ್ಲ ಕೇಳಿದ್ದ ಸಂಹಿತಾ ನಕ್ಕರು. "ನಿಮ್ಮ ಮಗಳ ಕೆಲಸ ನನ್ನದಕ್ಕಿಂತ ಕಷ್ಟ. ಅಲ್ಲಿ ನನ್ನ ಮಾತು ಎಲ್ಲರೂ ಕೇಳ್ತಾರೆ. ಇವಳು ಅಪ್ಪನಿಗೆ ಹೇಳಬೇಕು!"

ರೂಪೇಶರಿಗೆ ನಾಚಿಕೆಯಾಯಿತು. ಭೂಮಿಯ ತುದಿಗೆ ಹೋದ ಕವರು ಮರ್ಯಾದೆಯಿಂದ ಮನೆಗೆ ಬಂದಿತ್ತು. ಎದುರಿನ ಬೀಚಿಗೆ ಹೋದದ್ದನ್ನು ಮಗಳು ಮರಳಿನಿಂದ ಹೆಕ್ಕಿ ತಂದಿದ್ದಳು.

ಮರುದಿನ ಬೆಳಿಗ್ಗೆಯೇ ಬಾಗಿಲಲ್ಲಿ ಬೋರ್ಡು ಬಂತು: "ಡಬ್ಬಿ ತನ್ನಿ, ಸಾಂಬಾರು ಒಂದು ಸೌಟು ಜಾಸ್ತಿ." ಕನ್ನಡ ಅಕ್ಷರ ಬಟ್ಟೆ ಚೀಲಕ್ಕೆ ಏರಿತು. ಕೆಲವು ಗಿರಾಕಿಗಳು ಗೊಣಗಿದರು. ಸೌಟು ಕಂಡ ಮೇಲೆ ಅವರೂ ಡಬ್ಬಿ ತಂದರು.

ಆ ಶನಿವಾರ ಹರ್ಷಿಣಿ ಶಾಲೆಯ ವೇದಿಕೆ ಹತ್ತಿದ್ದು ನಾಯಕಿಯಾಗಿಯೇ. ಈಗ ಹೋಟೆಲಿನ ಗೋಡೆಯಲ್ಲಿ ಎರಡು ಫೋಟೊ ಇವೆ. ಯಾರಾದರೂ ಕೇಳಿದರೆ ರೂಪೇಶರು ಎದೆಯುಬ್ಬಿಸಿ ಹೇಳುತ್ತಾರೆ, "ಅದು ಸಂಹಿತಾ ಮೇಡಂ. ಪಕ್ಕದಲ್ಲಿರುದು ನಮ್ಮ ಲೀಡರ್. ಮನೆಯಲ್ಲಿ ನಾವೂ ಅವಳ ತಂಡವೇ."

ಓದಿದ ನೀವೂ ಇವತ್ತು ಪಾರ್ಸೆಲಿಗೆ ಹೊರಟರೆ ಒಂದು ಡಬ್ಬಿ ಹಿಡಿದು ಹೊರಡಿ. ನಿಮ್ಮ ಮನೆಯ ಮಗು ಒಳ್ಳೆಯ ಮಾತು ಹೇಳಿದರೆ, ಊರು ಕೇಳುವ ಮೊದಲು ನೀವು ಕೇಳಿ.