ಕೆಂಪು ದಾರದ ಗುರುತು

"ಗಂಡನಾ ನೀನು? ಮೀಸೆ ಎಲ್ಲೇ?" ಎಂದ ಆಸ್ಪತ್ರೆಯ ಗುಮಾಸ್ತ. ಸಾಲಿನಲ್ಲಿದ್ದವರು ಕಿಸಕ್ಕೆಂದರು.

ನಾನೇನು ಸಾಮಾನ್ಯಳಲ್ಲ. ಈ ಆಸ್ಪತ್ರೆಯ ಬಟ್ಟೆಯನ್ನೆಲ್ಲ ಒಗೆಯುವ ಕಾರ್ಖಾನೆಯಲ್ಲಿ ನಾನು ಹಿಂಡಿದ ಹಾಸಿಗೆವಸ್ತ್ರದಲ್ಲಿ ನೀರಿರಲಿ, ನೀರಿನ ನೆನಪೂ ಉಳಿಯುವುದಿಲ್ಲ. ನನ್ನ ಬಾಯಿಗೆ ಹೆದರಿ ಬಾಯ್ಲರ್ ತಣ್ಣಗಾದದ್ದುಂಟು. ಅಂಥವಳು ಆ ಕಿಟಕಿಯ ಮುಂದೆ ಕೈಕಟ್ಟಿ ನಿಂತಿದ್ದೆ.

ಒಳಗೆ ಇಸ್ತ್ರಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಇಸ್ತ್ರಿ ಮಾಡುತ್ತಿದ್ದವಳಿಗೆ ಅದೇ ಹೆಸರಾಗಿತ್ತು. ಹದಿನಾರು ವರ್ಷದಿಂದ ನಮ್ಮಿಬ್ಬರಿಗೆ ಒಂದೇ ಕೋಣೆ, ಒಂದೇ ಮಂಚ, ಒಂದೇ ಬಾಚಣಿಗೆ. ಬೆಳಿಗ್ಗೆ ಇಸ್ತ್ರಿಯಂತ್ರದ ಬಿಸಿ ಉರುಳೆ ಅವಳ ಬಲಗೈಯನ್ನು ಎಳೆದುಕೊಂಡಿತ್ತು. ಆಪರೇಷನ್ನಿಗೆ ಸಹಿ ಬೇಕಿತ್ತು.

"ಕೊಡಪ್ಪ, ನಾನ್ ಹಾಕ್ತೀನಿ."

"ಗಂಡ ಹಾಕ್ಬೇಕು, ಇಲ್ಲಾ ರಕ್ತಸಂಬಂಧಿ. ಮದ್ವೆ ಪತ್ರ ಇದ್ರೆ ತೋರ್ಸು."

"ನಿಮ್ ನೋಂದಣಿ ಕಚೇರಿಗೆ ಒಂಬತ್ತು ಸಲ ಹೋಗಿದ್ವಿ ಕಣಯ್ಯ. ಇಬ್ರೂ ಹೆಂಗಸ್ರು, ಕಾನೂನಿಲ್ಲ ಅಂತ ಅಟ್ಟಿದ್ರು. ಪತ್ರ ಕೊಡದೋರೂ ನೀವೇ, ಕೇಳೋರೂ ನೀವೇ, ಬೋಳೀಮಕ್ಳ!"

ನಿಜ ಹೇಳಬೇಕೆಂದರೆ ಹೋದದ್ದು ಎರಡೇ ಸಲ. ಆದರೆ ಎರಡನೆಯದೊಂದೇ ಎಂಟಕ್ಕೆ ಸಮ.

ಅಷ್ಟರಲ್ಲಿ ಕಾರ್ಖಾನೆಯ ಮಾಲೀಕನ ಕಾರಿನಿಂದ ಇಸ್ತ್ರಿಯ ಅಣ್ಣ ಇಳಿದ. ತಂಗಿ ಇದ್ದಾಳೋ ಸತ್ತಳೋ ಎಂದು ಹದಿನಾರು ವರ್ಷ ಕೇಳದವನು! ನನಗೇ ಗೊತ್ತಿಲ್ಲದ ಅವನ ವಿಳಾಸ ಮಾಲೀಕನಿಗೆ ಒಂದೇ ಗಂಟೆಯಲ್ಲಿ ಹೇಗೆ ಸಿಕ್ಕಿತು? ಮಾಲೀಕ ನನ್ನನ್ನು ನೋಡಿ ನಕ್ಕ. ಅವನು ನಕ್ಕಾಗಲೆಲ್ಲ ನಮ್ಮಲ್ಲಿ ಯಾರದಾದರೂ ಕೆಲಸ ಹೋಗಿದೆ.

ಗುಮಾಸ್ತ ಅಣ್ಣನನ್ನು ಯಾವ ಪತ್ರವನ್ನೂ ಕೇಳಲಿಲ್ಲ. ಅಣ್ಣ ಸಹಿ ಹಾಕಿದ. ಮಾಲೀಕ ಅದರಡಿಗೆ ಇನ್ನೊಂದು ಕಾಗದ ತೂರಿಸಿದ.

"ಅದೇನದು?"

"ಹೊರಗಿನೋಳು ನೀನು. ನಿನಗ್ಯಾಕೆ?" ಎಂದ ಮಾಲೀಕ.

ಹತ್ತು ಮಡಿಕೆಯೊಳಗಿನ ಕಲೆಯನ್ನೂ ಕಾಣುವ ಕಣ್ಣು ನನ್ನದು. ತಲೆಕೆಳಗಾಗಿಯೇ ಓದಿದೆ: ಯಂತ್ರ ಸರಿಯಿತ್ತು, ತಪ್ಪು ಕೆಲಸದವಳದೇ.

"ಯಂತ್ರ ನಿಲ್ಸೋ ಗುಂಡಿ ಕೆಟ್ಟು ತಿಂಗ್ಳಾಯ್ತು ಕಣಣ್ಣ! ಸಹಿ ಹಾಕ್ಬೇಡ!"

"ಅಣ್ಣ ಅನ್ಬೇಡ ಕಣೇ, ಬಿಕನಾಸಿ. ನಾಳೆ ಅವಳನ್ನ ಮನೆಗೆ ಕರ್ಕೊಂಡೋಗ್ತೀನಿ. ಆ ಕಡೆ ತಲೆ ಹಾಕಿದ್ರೆ ಕಾಲ್ ಮುರೀತೀನಿ." ಆ ಕಾಗದಕ್ಕೂ ಸಹಿ ಬಿತ್ತು.

ಮಾರನೆಯ ದಿನ ವಾರ್ಡಿಗೆ ನುಗ್ಗಿದೆ. ಇಸ್ತ್ರಿ ಕಣ್ಣು ಬಿಟ್ಟಿದ್ದಳು. ಕೈ ಬ್ಯಾಂಡೇಜಿನ ಗಂಟಾಗಿತ್ತು. ಒಳಗೆ ಎಷ್ಟು ಉಳಿದಿದೆಯೆಂದು ಯಾರೂ ಹೇಳಲಿಲ್ಲ. ಬಾಗಿಲಲ್ಲಿ ಅಣ್ಣ, ಕಾವಲುಗಾರ.

"ಸಂಬಂಧಿಕ್ರು ಬಿಟ್ಟು ಎಲ್ರೂ ಹೊರಗೆ!" ಕಾವಲುಗಾರ ಗದರಿದ.

ನಮ್ಮ ಕಾರ್ಖಾನೆಯಲ್ಲಿ ಪ್ರತಿ ಬಟ್ಟೆಯ ಮೂಲೆಗೂ ಕೆಂಪು ದಾರದ ಗುರುತು ಹೊಲಿಯುತ್ತೇವೆ. ಕುದಿಯುವ ನೀರಿಗೂ ಬಿಡದ ದಾರ. ಗುರುತು ಯಾರದೋ, ಬಟ್ಟೆ ಅವರದೇ. ಮಾಲೀಕನೂ ತಕರಾರು ಎತ್ತುವಂತಿಲ್ಲ. ದಾರ ಪೋಣಿಸಿದ ಸೂಜಿ ಸದಾ ನನ್ನ ಕಾಲರಿನಲ್ಲಿರುತ್ತದೆ.

"ಹೊಲೀಲೇನೇ?" ಎಂದೆ.

ಇಸ್ತ್ರಿ ಸೂಜಿ ನೋಡಿದಳು, ಅಣ್ಣನನ್ನು ನೋಡಿದಳು. "ಗಟ್ಟಿಯಾಗಿ ಹೊಲಿ. ನಿನ್ ಹೊಲಿಗೆ ಯಾವಾಗ್ಲೂ ಸಡಿಲ."

ಅವಳ ಆಸ್ಪತ್ರೆ ಅಂಗಿಯ ಅಂಚನ್ನು ನನ್ನ ಅಂಗಿಯ ಅಂಚಿಗೆ ಸೇರಿಸಿ ಹೊಲಿಯತೊಡಗಿದೆ.

"ಏನೇ ಮಾಡ್ತಿದೀಯ, ಲೌಡಿ?" ಅಣ್ಣ ಕೂಗಿದ.

"ಗುರುತು ಹಾಕ್ತಿದೀನಿ."

ಕಾವಲುಗಾರ ಕತ್ತರಿ ತರಲು ಓಡಿದ. ಇಸ್ತ್ರಿ ಎಡಗೈಯಿಂದ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಳು. ಬೂಟಿನ ಸದ್ದು ವಾಪಸು ಹತ್ತಿರವಾಗುತ್ತಿತ್ತು. ನಾನು ಇನ್ನೊಂದು ಹೊಲಿಗೆ ಹಾಕಿದೆ.