ಪಾರಿವಾಳಗಳು ಹೊರಬರುವವರೆಗೆ

ಮಿಡಿಗೇಶಿಯ ಆಚೆ, ನಮ್ಮ ಹಟ್ಟಿಯ ಬಾವಿಯ ಮೇಲೆ ಎಪ್ಪತ್ತೊಂಬತ್ತರಲ್ಲಿ ಎಂಜಿನಿಯರರು ನಿಲ್ಲಿಸಿದ್ದು ನೀರೆತ್ತುವ ಬಟ್ಟೆಯ ಗಾಳಿಯಂತ್ರ. ಅದರ ಎಂಟು ಹಾಯಿಗಳನ್ನು ಹೊಲಿದವನು ಶಿರಾದ ದರ್ಜಿ ಶಫೀವುಲ್ಲಾ. ಯಂತ್ರ ನಿಧಾನವಾಗಿ ತಿರುಗುತ್ತಿತ್ತು. ಬಾವಿಯ ಗೋಡೆಯ ಸಂದುಗಳಲ್ಲಿದ್ದ ಪಾರಿವಾಳಗಳು ಬೆಳಗಾದರೆ ಹಾಯಿಗಳ ನಡುವೆಯೇ ನುಸುಳಿ ಮೇಲೇರುತ್ತಿದ್ದವು. ನನ್ನ ಹೆಂಡತಿ ನಾಗಕ್ಕ ಅವಕ್ಕೆ ಒಂದು ಹಿಡಿ ರಾಗಿ ಚೆಲ್ಲುತ್ತಿದ್ದಳು. ಯಂತ್ರದ ನೀರು ದೇವರಿಗಾಗದೆಂದು ಒಂದು ಕೊಡ ಕೈಯಿಂದಲೇ ಸೇದುತ್ತಿದ್ದಳು. ನಾನು ನಗುತ್ತಿದ್ದೆ.

ಆಷಾಢದ ಗಾಳಿಗೆ ಹಾಯಿ ಹರಿಯುತ್ತಿತ್ತು. ನೀರು ಅರ್ಧ ಹಟ್ಟಿಗೂ ಸಾಲುತ್ತಿರಲಿಲ್ಲ. ಮೂರು ವರ್ಷದ ಮೇಲೆ ತಗಡಿನ ರೆಕ್ಕೆಗಳ ಚಕ್ರ ಹಾಕಿದರು. ನೀರು ಮೂರು ಪಟ್ಟಾಯಿತು. ಆ ಹೊತ್ತಿಗೆ ನಾಗಕ್ಕ ತೀರಿಕೊಂಡಿದ್ದಳು. ಚಕ್ರ ತಿರುಗಿದ ಮೊದಲ ಬೆಳಿಗ್ಗೆಯೇ ಕುರಿಗಳ ತೊಟ್ಟಿಯಲ್ಲಿ ಮೂರು ಪಾರಿವಾಳಗಳು ತಗಡಿನ ಏಟಿಗೆ ಸತ್ತು ಬಿದ್ದಿದ್ದವು.

ಗೋಪುರ ಎತ್ತರಿಸಿದರೆ ಹಕ್ಕಿಗಳು ಉಳಿಯುತ್ತವೆ, ಆದರೆ ಅದಕ್ಕೆ ಮಂಜೂರಾತಿ ಬರಬೇಕು ಎಂದರು ಎಂಜಿನಿಯರು. ಬಟ್ಟೆಯನ್ನೇ ಮತ್ತೆ ಕಟ್ಟೋಣವೇ ಎಂದೂ ಕೇಳಿದರು. ಹಟ್ಟಿಯ ಹೆಂಗಸರು ಮತ್ತೆ ದೂರದ ಕೆರೆಗೆ ನಡೆಯುವುದನ್ನು ನೆನೆದು ಬೇಡವೆಂದೆ. ಅಂದಿನಿಂದ ನಸುಕಿನಲ್ಲಿ ಬ್ರೇಕಿನ ಹಗ್ಗ ಎಳೆದು ಚಕ್ರ ಕಟ್ಟುವುದು, ಪಾರಿವಾಳಗಳು ಹೊರಬಂದ ಮೇಲೆ ಬಿಡುವುದು ನನ್ನ ಕೆಲಸವಾಯಿತು. ಕೆಲವು ದಿನ ಬಿಸಿಲೇರುವವರೆಗೂ ಅವು ಏಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾಗಕ್ಕನ ತಂಗಿ ರಂಗಕ್ಕ ಕುರಿ ಹೊಡೆದುಕೊಂಡು ಬಂದಳು. ತೊಟ್ಟಿ ಬರಿದಾಗಿತ್ತು.

"ಗಾಳಿ ಇಂಗ್ ಬೀಸ್ತೈತೆ, ಚಕ್ರ ಕಟ್ಟಾಕಿದ್ದೀಯಲ್ಲ ಭಾವ. ನಮ್ಮಕ್ಕ ಕಾಳಾಕಿ ಹಕ್ಕಿ ಸಾಕಿದ್ಲು. ನೀನು ನನ್ನ ಕುರಿ ಬಾಯಿ ಒಣಗ್ಸಿ ಸಾಕ್ತೀಯ."

"ಇನ್ನೂ ಒಳಗವೆ ಕಣಮ್ಮ. ಬಂದ್ಮೇಲೆ ಬುಡ್ತೀನಿ."

ಅವಳು ಕದಲಲಿಲ್ಲ. ಬೇರೆ ದಾರಿ ಕಾಣದೆ ನಾಗಕ್ಕನ ಹಳೆಯ ಹಗ್ಗ, ಕೊಡ ತಂದು ಬಾವಿಗೆ ಬಿಟ್ಟೆ. ರಾಟೆ ಕಿರುಗುಟ್ಟಿತು, ಕೊಡ ನೀರಿಗೆ ಬಡಿಯಿತು. ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದು, ನಿಂತ ರೆಕ್ಕೆಗಳ ನಡುವೆ ಹಾದು ಆಕಾಶಕ್ಕೆ ಹೋದವು.

"ಅಕ್ಕ ಸೇದ್ವಾಗ್ಲೂ ಅಂಗೇ ಏಳ್ತಿದ್ವು," ಎಂದಳು ರಂಗಕ್ಕ.

ನಾನು ಒಂದು ದಿನವೂ ಅದನ್ನು ನೋಡಿರಲಿಲ್ಲ. ಬ್ರೇಕಿನ ಹಗ್ಗ ಸಡಿಲಿಸಿದೆ. ಚಕ್ರ ತಿರುಗಿತು, ಕುರಿಗಳು ಕುಡಿದವು.

ಈಗ ದಿನವೂ ಚಕ್ರ ಕಟ್ಟಿ, ದೇವರಿಗೆ ಒಂದು ಕೊಡ ಸೇದುತ್ತೇನೆ. ಹಕ್ಕಿಗಳು ಎದ್ದ ಮೇಲೆ ರಾಗಿ ಚೆಲ್ಲಿ, ಚಕ್ರ ಬಿಟ್ಟು, ಕೊಡ ಹೊತ್ತು ಮನೆಗೆ ಬರುತ್ತೇನೆ. ಹೆಗಲಿನಿಂದ ಅದನ್ನು ಇಳಿಸಿಕೊಳ್ಳುವವರಿಲ್ಲ. ಬಾಗಿಲಲ್ಲಿ ನಾನೇ ಮೆಲ್ಲಗೆ ಕುಕ್ಕರಿಸಿ ಇಳಿಸುತ್ತೇನೆ.